ಸೈನಿಕ ಹುಳಕ್ಕೆ ಯಾವುದು, ಬಿಳಿನೊಣಕ್ಕೆ ಯಾವುದು, ಬಳ್ಳಾರಿ ಜಾಲಿಗೆ ಯಾವುದು? ದಾವಣಗೆರೆ–ಚಿತ್ರದುರ್ಗದ ರೈತರಿಗೊಂದು ಹೋಲಿಕೆ

ಮೆಕ್ಕೆಜೋಳದ ಸುಳಿಯನ್ನು ಬೆರಳಿನಿಂದ ಬಿಡಿಸಿ ನೋಡಿ. ಮೊದಲು ಸಿಗುವುದು ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ. ಅದನ್ನು ಕೆದಕಿದರೆ ಕೆಳಗೆ ಮುದುರಿಕೊಂಡ ಕಂದು ಹುಳ. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕದ ನಾಲ್ಕು ಮೂಲೆಗೆ ಇಟ್ಟಂತೆ ನಾಲ್ಕು ಕಪ್ಪು ಚುಕ್ಕಿ. ಈ ಎರಡು ಗುರುತು ಇದ್ದರೆ ಅದು ಫಾಲ್ ಸೈನಿಕ ಹುಳವೇ, ಬೇರೆ ಅನುಮಾನ ಬೇಡ. ಅಮೆರಿಕ ಖಂಡದ ಈ ಹುಳ 2016ರಲ್ಲಿ ಆಫ್ರಿಕಾಕ್ಕೆ ಬಂತು. ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಒಂದೇ ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲ ಪತಂಗಕ್ಕೆ ಶಿವಮೊಗ್ಗದಿಂದ ದಾವಣಗೆರೆ ಯಾವ ದೂರ?

ಇಂಥದ್ದು ಕಂಡ ಕೂಡಲೇ ನಾವು ಕೇಳುವ ಪ್ರಶ್ನೆ ಒಂದೇ: "ಯಾವ ಔಷಧಿ ಹೊಡೀಬೇಕು?" ಪ್ರಶ್ನೆಯೇ ತಪ್ಪು ಅಂತ ನನಗೆ ಅರ್ಥವಾಗಲು ಎರಡು ಮುಂಗಾರು ಬೇಕಾಯಿತು. ಮೊದಲು ಕೇಳಬೇಕಾದದ್ದು ಬೇರೆ ಎರಡು. ಆ ಪೀಡೆಯ ವಯಸ್ಸೆಷ್ಟು? ಅದು ನನ್ನ ಬದುವಿನಲ್ಲಿ ನಿಲ್ಲುತ್ತದೆಯೋ, ದಾಟಿ ಹೋಗುತ್ತದೆಯೋ? ಈ ಎರಡಕ್ಕೆ ಉತ್ತರ ಗೊತ್ತಾದರೆ ಔಷಧಿಯೋ, ಪೀಡೆಯನ್ನೇ ತಿಂದು ಬದುಕುವ ಪರೋಪಜೀವಿಯೋ, ಜೆಸಿಬಿಯೋ, ಸುಮ್ಮನಿರುವುದೋ ಅನ್ನುವುದು ಹೆಚ್ಚುಕಮ್ಮಿ ತಾನೇ ತೀರ್ಮಾನವಾಗುತ್ತದೆ.

ಮೆಕ್ಕೆಜೋಳ: ಎಲ್ಲವೂ ಹುಳದ ವಯಸ್ಸಿನ ಮೇಲೆ

ಮೊಟ್ಟೆ ಒಡೆಯಲು ಎರಡರಿಂದ ನಾಲ್ಕು ದಿನ. ಆಮೇಲೆ ಎರಡು–ಮೂರು ವಾರ ಹುಳವಾಗಿ ತಿನ್ನುತ್ತದೆ, ಆರು ಹಂತ ದಾಟುತ್ತದೆ, ಕೊನೆಗೆ ಮಣ್ಣಿಗಿಳಿದು ಕೋಶವಾಗುತ್ತದೆ. ಮೊದಲ ಮೂರು ಹಂತದಲ್ಲಿ ಅದು ಎಲೆಯ ಹಸಿರು ಕೆರೆದು ತಿನ್ನುವ ಮರಿ. ಎಲೆಯಲ್ಲಿ ಕಾಗದದಂಥ ಬಿಳಿ ಮಚ್ಚೆ ಮಾತ್ರ ಕಾಣುತ್ತದೆ. ಆಮೇಲೆ ಸುಳಿಗೆ ಇಳಿದು, ತನ್ನ ಹಿಕ್ಕೆಯನ್ನೇ ಮೇಲೆ ಮುಚ್ಚಳದಂತೆ ಮಾಡಿಕೊಂಡು ಕೂರುತ್ತದೆ. ಆ ಮುಚ್ಚಳದ ಮೇಲೆ ಹೊಡೆದ ಔಷಧಿ ಹಿಕ್ಕೆಗೆ ಸ್ನಾನ ಮಾಡಿಸಿದಂತೆ.

ನಾನು ಮಾಡಿದ್ದು ಅದನ್ನೇ. ಬಿತ್ತಿ ನಲವತ್ತು ದಿನವಾದ ಮೇಲೆ, ಎಲೆಯೆಲ್ಲ ಜರಡಿಯಾದಾಗ ಎಚ್ಚರವಾಯಿತು. ಔಷಧಿ ಅಂಗಡಿಯವರು "ಅಣ್ಣ, ಒಂದರಲ್ಲಿ ಆಗಲ್ಲ, ಇದನ್ನೂ ಸೇರಿಸಿ ಹೊಡೀರಿ" ಅಂತ ಎರಡು ಡಬ್ಬಿ ಕೊಟ್ಟರು. ಮಟಮಟ ಮಧ್ಯಾಹ್ನ, ಗಿಡದ ಪಕ್ಕದಿಂದ, ಗಾಳಿಗೆ ತೂರಿದಂತೆ ಹೊಡೆದೆ. ಮೂರನೇ ದಿನ ಸುಳಿ ಬಿಡಿಸಿ ನೋಡಿದರೆ ಹುಳ ಮೊದಲಿಗಿಂತ ದಪ್ಪ. ಔಷಧಿ ಕೆಟ್ಟದ್ದೇನಲ್ಲ, ನಾನು ತಡವಾಗಿ, ತಪ್ಪು ಹೊತ್ತಲ್ಲಿ, ತಪ್ಪು ಜಾಗಕ್ಕೆ ಹೊಡೆದಿದ್ದೆ.

ಈಗ ಆಯ್ಕೆಗಳನ್ನು ಬೆಳೆಯ ವಯಸ್ಸಿನ ಪ್ರಕಾರವೇ ನೋಡೋಣ.

ಬಿತ್ತುವಾಗ ಇರುವ ಆಯ್ಕೆ ಬೀಜೋಪಚಾರ. ಸಯಾಂಟ್ರಾನಿಲಿಪ್ರೋಲ್ ಮತ್ತು ಥಯಾಮೆಥಾಕ್ಸಾಮ್ ಕೂಡಿದ ಬೀಜೋಪಚಾರದ ಔಷಧಿ ಮೊದಲ ಎರಡು–ಮೂರು ವಾರ ಸಸಿಯನ್ನು ಕಾಯುತ್ತದೆ. ಮಳೆ ನೋಡಿಕೊಂಡು ಊರಿಗೆ ಊರೇ ಒಟ್ಟಿಗೆ ಬಿತ್ತಿದರೆ ಇದರ ಲಾಭ ಹೆಚ್ಚು. ಒಬ್ಬರು ಜೂನ್ ಮೊದಲ ವಾರ, ಇನ್ನೊಬ್ಬರು ಜುಲೈ ಕೊನೆ ಅಂತ ಬಿತ್ತಿದರೆ, ಹುಳಕ್ಕೆ ಸದಾ ಎಲ್ಲೋ ಒಂದು ಕಡೆ ಎಳೆ ಗಿಡ ಸಿಗುತ್ತಲೇ ಇರುತ್ತದೆ. ಬಿತ್ತುವ ಮೊದಲು ಆಳವಾಗಿ ಉಳುಮೆ ಮಾಡಿದರೆ ಮಣ್ಣಿನಲ್ಲಿರುವ ಕೋಶ ಮೇಲೆ ಬಂದು ಬಿಸಿಲಿಗೆ, ಹಕ್ಕಿಗೆ ಸಿಗುತ್ತದೆ. ಇದಕ್ಕೆ ಬೇರೆ ಖರ್ಚೂ ಇಲ್ಲ, ಹೇಗಿದ್ದರೂ ಉಳುವವರೇ ನಾವು.

ಮೊಣಕಾಲುದ್ದ ಬರುವವರೆಗೆ ನನ್ನ ಮೆಚ್ಚುಗೆ ಕೈಕೆಲಸಕ್ಕೆ. ಮೊಟ್ಟೆಯ ಗುಂಪು ಎಲೆಯ ಮೇಲೆ ಬೂದು ಹತ್ತಿ ಅಂಟಿದ ಹಾಗೆ ಕಾಣುತ್ತದೆ. ಒಂದು ಗುಂಪಿನಲ್ಲಿ ನೂರರಿಂದ ಇನ್ನೂರು ಮೊಟ್ಟೆ. ಹೊಸಕಿ ಹಾಕಿದರೆ ಅಷ್ಟು ಹುಳ ಅಲ್ಲಿಗೇ ಮುಗಿಯಿತು. ಸುಳಿಗೆ ಒಣ ಮರಳು ಹಾಕುವುದೂ ಉಂಟು, ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಹಾಕುವುದೂ ಉಂಟು. ಮರಳು ಹುಳದ ಮೈ ಗೀರುತ್ತದೆ. ಎರಡು ಎಕರೆಯೊಳಗಿನ ಹೊಲ, ಮನೆಯಲ್ಲಿ ನಾಲ್ಕು ಕೈ ಇದ್ದರೆ ಇದು ಸಾಕು. ಹತ್ತು ಎಕರೆ ಇದ್ದವರಿಗೆ ಕೂಲಿ ಲೆಕ್ಕ ಹೊಂದುವುದಿಲ್ಲ. ಈ ಹಂತದಲ್ಲಿ ಒಂದು ಜೋರು ಮಳೆ ಹೊಡೆದರೂ ಎಷ್ಟೋ ಮರಿಹುಳ ಸುಳಿಯಲ್ಲೇ ಮುಳುಗಿ ಸಾಯುತ್ತವೆ. ಹಾಗಾಗಿ ಮೋಡ ಕಟ್ಟಿದ ದಿನ ಪಂಪು ಹೆಗಲಿಗೇರಿಸುವ ಮುನ್ನ ಒಂದು ರಾತ್ರಿ ಕಾಯಿರಿ.

ಔಷಧಿ ಯಾವಾಗ? ಹೊಲದಲ್ಲಿ ಐದು ಕಡೆ ನಿಂತು, ಒಂದೊಂದು ಕಡೆ ಇಪ್ಪತ್ತು ಗಿಡ ನೋಡಿ. ಒಟ್ಟು ನೂರು ಗಿಡ. ಸಸಿ ಹಂತದಲ್ಲಿ ಐದು ಗಿಡಕ್ಕೆ ಹೊಸ ಹಾನಿ ಇದ್ದರೆ, ಬೆಳೆಯುವ ಸುಳಿ ಹಂತದಲ್ಲಿ ಹತ್ತು, ಸುಳಿಯ ಕೊನೆ ಹಂತದಲ್ಲಿ ಇಪ್ಪತ್ತು ಇದ್ದರೆ ಔಷಧಿಗೆ ಕೈ ಹಾಕಿ. ಅದಕ್ಕಿಂತ ಕಡಿಮೆ ಇದ್ದರೆ ದುಡ್ಡು ಉಳಿಸಿ. ಹೂದಂಡು ಹೊರಬಂದ ಮೇಲೆ ಹೊಡೆಯುವುದು ವ್ಯರ್ಥ. ಆಗಷ್ಟೇ ಮೊಟ್ಟೆಯೊಡೆದ ಮರಿಹುಳ ಮಾತ್ರ ಇರುವಾಗ ಬೇವಿನ ಬೀಜದ ಕಷಾಯ, ಇಲ್ಲವೇ ಅಂಗಡಿಯಲ್ಲಿ ಸಿಗುವ ಬೇವಿನ ಸಾರ, ಅಂದರೆ 1500 ಪಿಪಿಎಂ ಅಜಾಡಿರಾಕ್ಟಿನ್ ಆದರೆ ಲೀಟರಿಗೆ 5 ಮಿಲಿ. ಹುಳ ಎರಡನೇ–ಮೂರನೇ ಹಂತ ತಲುಪಿದ್ದರೆ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಲೀಟರಿಗೆ 0.4 ಗ್ರಾಂ, ಅಥವಾ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ 0.4 ಮಿಲಿ, ಅಥವಾ ಸ್ಪೈನಟೋರಾಮ್ 11.7 ಎಸ್‌ಸಿ 0.5 ಮಿಲಿ. ಮೂರರಲ್ಲಿ ಯಾವುದಾದರೂ ಒಂದು ಮಾತ್ರ. ಎರಡನೇ ಸಲ ಹೊಡೆಯಬೇಕಾದರೆ ಬೇರೆಯದನ್ನು ಆರಿಸಿ, ಒಂದನ್ನೇ ಮತ್ತೆ ಮತ್ತೆ ಹೊಡೆದರೆ ಹುಳ ಅದಕ್ಕೆ ಪಳಗುತ್ತದೆ. 16 ಲೀಟರಿನ ಪಂಪಿಗೆ ಎಮಾಮೆಕ್ಟಿನ್ ಬೇಕಾಗುವುದು 6.4 ಗ್ರಾಂ, ಅಷ್ಟೇ. "ಒಂದು ಮುಚ್ಚಳ ಜಾಸ್ತಿ ಇರಲಿ" ಅನ್ನುವ ನಮ್ಮ ಅಳತೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಚಿನ್ನ ಬೆಳ್ಳಿ ತೂಗುವಂಥ ಚಿಕ್ಕ ತಕ್ಕಡಿ ಒಂದು ಮನೆಯಲ್ಲಿರಲಿ. ಬೆಳಗ್ಗೆ ಬೇಗ ಅಥವಾ ಸಂಜೆ, ನಾಜಲ್ ನೇರ ಸುಳಿಯೊಳಗೆ.

ಹುಳ ಬಲಿತು ಮುಚ್ಚಳ ಹಾಕಿಕೊಂಡಿದ್ದರೆ ಸಿಂಪಡಣೆ ಬಿಡಿ, ವಿಷದ ತೌಡು ಮಾಡಿ. ಎಕರೆಗೆ ಹತ್ತು ಕೆಜಿ ಅಕ್ಕಿ ತೌಡು, ಎರಡು ಕೆಜಿ ಬೆಲ್ಲ, ಎರಡು–ಮೂರು ಲೀಟರ್ ನೀರಿನಲ್ಲಿ ಕಲಸಿ ಒಂದು ದಿನ ಹುಳಿ ಬರಿಸಿ. ಹಾಕುವ ಅರ್ಧ ಗಂಟೆ ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಗೋಲಿಯಷ್ಟು ಸುಳಿಗೆ ಹಾಕುವುದು. ಬೆಲ್ಲದ ಹುಳಿ ವಾಸನೆಗೆ ಹುಳ ತಾನೇ ಮೇಲೆ ಬರುತ್ತದೆ. ಕೈಗವಸು ಕಡ್ಡಾಯ. ಉಳಿದದ್ದನ್ನು ಕೊಟ್ಟಿಗೆಯಲ್ಲಿ ಇಡಬೇಡಿ, ಕೋಳಿ ಬಿಡುವ ಅಂಗಳಕ್ಕಂತೂ ತರಲೇಬೇಡಿ.

ಇನ್ನು ಜೈವಿಕದ ಮಾತು. ಟ್ರೈಕೋಗ್ರಾಮ ಅನ್ನುವುದು ಸಾಸಿವೆ ಕಾಳಿಗಿಂತ ಚಿಕ್ಕ ಕಣಜ. ಹುಳದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಕಾರ್ಡಿನ ಮೇಲೆ ಅಂಟಿಸಿದ ಮೊಟ್ಟೆಗಳ ರೂಪದಲ್ಲಿ ಸಿಗುತ್ತದೆ, ತುಂಡು ಮಾಡಿ ಎಲೆಯ ಅಡಿಗೆ ಪಿನ್ ಹೊಡೆಯಬೇಕು. ಕೇಳಲು ಚೆಂದ. ಆದರೆ ಸೈನಿಕ ಹುಳ ತನ್ನ ಮೊಟ್ಟೆಗಳನ್ನು ಒಂದರ ಮೇಲೊಂದು ಪದರವಾಗಿಟ್ಟು ರೋಮದಿಂದ ಮುಚ್ಚುತ್ತದೆ; ಟ್ರೈಕೋಗ್ರಾಮಕ್ಕೆ ಮೇಲಿನ ಪದರ ಮಾತ್ರ ಎಟುಕುವುದು. ಟೆಲಿನೋಮಸ್ ರೀಮಸ್ ಅನ್ನುವ ಇನ್ನೊಂದು ಕಣಜ ಒಳಪದರದವರೆಗೂ ನುಗ್ಗುತ್ತದೆ. ಎರಡೂ ಸಿಗುವುದಾದರೆ ಟೆಲಿನೋಮಸ್ ಕೇಳಿ. ಒಂದು ವರ್ಷ ನಾನು ತರಿಸಿದ ಕಾರ್ಡು ಪಾರ್ಸೆಲ್‌ನಲ್ಲಿ ಎಲ್ಲೋ ನಿಂತು ತಡವಾಗಿ ಬಂತು. ಲಕೋಟೆ ತೆರೆದರೆ ಕಣಜಗಳು ಒಳಗೇ ಹುಟ್ಟಿ, ಮೂಲೆಯಲ್ಲಿ ಕರಿ ಪುಡಿಯಾಗಿ ಬಿದ್ದಿದ್ದವು. ಅಂದಿನಿಂದ ಇವನ್ನು ನಾನೇ ಹೋಗಿ ತರುತ್ತೇನೆ, ಅದೇ ದಿನ ಸಂಜೆ ಕಟ್ಟುತ್ತೇನೆ. ಕಾರ್ಡು ಕಟ್ಟಿದ ಮೇಲೆ ಒಂದು ವಾರ ಔಷಧಿ ಮುಟ್ಟುವಂತಿಲ್ಲ. ಪಕ್ಕದ ಹೊಲದವರು ಹೊಡೆದರೂ ನಿಮ್ಮ ಕಣಜ ಸಾಯುತ್ತದೆ. ಅದಕ್ಕೇ ಇದು ಒಬ್ಬರ ಕೆಲಸವಲ್ಲ.

ಶಿಲೀಂಧ್ರದ ಮದ್ದು, ಅಂದರೆ ಮೆಟರೈಜಿಯಂ ರಿಲೇಯಿ (ಹಳಬರ ಬಾಯಲ್ಲಿ ನೊಮುರಿಯಾ), ನಮ್ಮ ಎರಡು ಜಿಲ್ಲೆಗಳಲ್ಲಿ ಎರಡು ಥರ ಫಲ ಕೊಡುತ್ತದೆ. ಅದಕ್ಕೆ ತೇವ ಬೇಕು. ಚನ್ನಗಿರಿ, ಹೊನ್ನಾಳಿ ಕಡೆ ಸೋನೆ ಹಿಡಿದ ವಾರದಲ್ಲಿ ಲೀಟರಿಗೆ 5 ಗ್ರಾಂ ಹೊಡೆದರೆ ಹುಳ ಸೆಟೆದು, ಮೊದಲು ಬಿಳಿ, ಆಮೇಲೆ ತಿಳಿಹಸಿರು ಬೂಸ್ಟು ಕಟ್ಟಿ ಎಲೆಗೇ ಅಂಟಿಕೊಂಡು ಸತ್ತಿರುತ್ತದೆ. ಜಗಳೂರು, ಮೊಳಕಾಲ್ಮೂರು ಕಡೆಯ ಒಣ ಗಾಳಿಯಲ್ಲಿ ಅದೇ ಪುಡಿ ಬರೀ ಪುಡಿ. ಬಯಲುಸೀಮೆಯವರು ಮೋಡ ನೋಡಿ ಹಣ ಹಾಕಿ.

ತೆಂಗು: ಇಲ್ಲಿ ಪಂಪು ಇಳಿಸಿ

ಹಿರಿಯೂರು ಕಡೆ ನಮ್ಮ ಭಾವನವರ ತೋಟ. ಒಂದು ದಿನ ಫೋನು: "ಏನಪ್ಪಾ, ಗರಿಯೆಲ್ಲ ಕಾಡಿಗೆ ಬಳಿದಂಗೆ ಕಪ್ಪಾಗ್ಯವೆ. ಟ್ರ್ಯಾಕ್ಟರ್ ಪಂಪಿನವನನ್ನ ಕರೆಸಿ ಹೊಡೆಸಿಬಿಡ್ಲಾ?"

"ಬ್ಯಾಡ ಭಾವ, ಹೊಡೆಸಿದ್ರೆ ಇನ್ನೂ ಜಾಸ್ತಿ ಆಗ್ತದೆ" ಅಂದೆ. ಅವರಿಗೆ ನಾನು ಖರ್ಚಿಗೆ ಹೆದರಿ ಹೇಳುತ್ತಿದ್ದೇನೆ ಅನ್ನಿಸಿರಬೇಕು.

ರುಗೋಸ್ ಸುರುಳಿ ಬಿಳಿನೊಣ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಂಡು, ಅಲ್ಲಿಂದ ದಕ್ಷಿಣದ ರಾಜ್ಯಗಳಿಗೆಲ್ಲ ಹರಡಿತು. ಗರಿಯ ಅಡಿಯಲ್ಲಿ ರಂಗೋಲಿ ಸುರುಳಿಯಂತೆ ಮೊಟ್ಟೆ ಇಡುತ್ತದೆ. ಅದು ಸುರಿಸುವ ಸಿಹಿ ಅಂಟು ಕೆಳಗಿನ ಗರಿ, ಬಾಳೆ, ಕೋಕೋ ಎಲ್ಲದರ ಮೇಲೂ ಬಿದ್ದು ಅದರ ಮೇಲೆ ಕಪ್ಪು ಬೂಸ್ಟು ಬೆಳೆಯುತ್ತದೆ. ನೋಡಲು ಭಯಂಕರ. ಆದರೆ ಇದಕ್ಕೆ ಎನ್ಕಾರ್ಸಿಯಾ ಗ್ವಾಡೆಲೂಪೆ ಅನ್ನುವ ಕಣಜ ಹಿಂದೆಯೇ ಬಂದು ನೆಲೆಸಿದೆ. ರಾಸಾಯನಿಕ ಹೊಡೆದರೆ ಮೊದಲು ಸಾಯುವುದು ಆ ಕಣಜ. ನೊಣ ವಾಪಸು ಬರುತ್ತದೆ, ಕಾಯುವವರು ಇರುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ಮೊದಲಿಂದ ಹೇಳುತ್ತಿರುವುದೂ ಇದನ್ನೇ.

ಭಾವನವರು ಮಾಡಿದ್ದು: ಗಂಜಿ ತೆಳ್ಳಗೆ ಕಾಸಿ, ನೂರು ಲೀಟರಿಗೆ ಒಂದು ಕೆಜಿ ಮೈದಾ ಲೆಕ್ಕದಲ್ಲಿ, ಗಿಡ್ಡ ಮರಗಳಿಗೆ ಹೊಡೆಸಿದರು. ಬಿಸಿಲಿಗೆ ಗಂಜಿ ಒಣಗಿ ಬೂಸ್ಟನ್ನೂ ಸೇರಿಸಿಕೊಂಡು ಹಪ್ಪಳದಂತೆ ಎದ್ದು ಬಿತ್ತು. ಕಾಂಡಕ್ಕೆ ಹಳದಿ ಹಾಳೆಗೆ ಎಣ್ಣೆ ಸವರಿ ಸುತ್ತಿದರು. ಕಣಜದ ಕೋಶ ಇರುವ ಗರಿಗಳನ್ನು ಕತ್ತರಿಸಿ ಸುಡದೆ, ಹೊಸದಾಗಿ ನೊಣ ಹತ್ತಿದ ಮರಗಳಿಗೆ ಕಟ್ಟಿದರು. ಎತ್ತರದ ಮರಗಳಿಗೆ ಏನೂ ಮಾಡಲಿಲ್ಲ, ಅವೂ ಸುಧಾರಿಸಿದವು. ತುಂಬ ಜೋರಿದ್ದಾಗ ಬೇವಿನೆಣ್ಣೆ ಲೀಟರಿಗೆ 5 ಮಿಲಿ ಅಥವಾ ಇಸಾರಿಯಾ ಶಿಲೀಂಧ್ರ ಲೀಟರಿಗೆ 5 ಗ್ರಾಂ, ಅದಕ್ಕಿಂತ ಮೇಲೆ ಹೋಗುವುದು ಬೇಡ.

ಸೈನಿಕ ಹುಳ ಮೂರು ವಾರದಲ್ಲಿ ಬೆಳೆಯ ಹಣೆಬರಹ ಬರೆಯುತ್ತದೆ, ಅದಕ್ಕೇ ಅಲ್ಲಿ ಅವಸರ. ತೆಂಗು ಐವತ್ತು–ಅರವತ್ತು ವರ್ಷದ ಮರ, ಒಂದು ವರ್ಷ ಕಪ್ಪಾದರೆ ತಡೆದುಕೊಳ್ಳುತ್ತದೆ.

ಬಳ್ಳಾರಿ ಜಾಲಿ: ಕಡಿಯುವುದು, ಕೀಳುವುದು, ಬಿಡುವುದು

ಜಾಲಿಯನ್ನು ಯಾರೂ ಕಳ್ಳತನದಿಂದ ತಂದದ್ದಲ್ಲ. 1877ರಲ್ಲಿ ಜಮೈಕಾದಿಂದ ಬೀಜ ತರಿಸಿ ಆಗಿನ ಮದ್ರಾಸ್ ಪ್ರಾಂತ್ಯದ ಕಡಪ ಕಡೆ ಸರಕಾರವೇ ಬೆಳೆಸಿತು. ಬರದ ನಾಡಿಗೆ ಸೌದೆ ಆಗಲಿ ಅಂತ. ಸೌದೆ ಆಯಿತು, ನಿಜ. ಇವತ್ತಿಗೂ ಹಳ್ಳಿ ಒಲೆಗೆ, ಇದ್ದಿಲಿಗೆ, ಇಟ್ಟಿಗೆ ಭಟ್ಟಿಗೆ ಇದೇ. ಜೊತೆಗೆ ಕೆರೆ ಅಂಗಳ, ಹಳ್ಳದ ದಂಡೆ, ಗೋಮಾಳ ಎಲ್ಲವೂ ಅದರದ್ದೇ ಆಯಿತು. ಚಳ್ಳಕೆರೆ–ಮೊಳಕಾಲ್ಮೂರು ಕಡೆ ದೇವರ ಎತ್ತುಗಳನ್ನು ಮೇಯಿಸುವ ಕಿಲಾರಿಗಳನ್ನು ಕೇಳಿ ನೋಡಿ: ಜಾಲಿಯ ಕೆಳಗೆ ಹುಲ್ಲು ಹುಟ್ಟುವುದಿಲ್ಲ, ಮುಳ್ಳು ಕಾಲಿಗೆ ಹೊಕ್ಕರೆ ದನ ವಾರಗಟ್ಟಲೆ ಕುಂಟುತ್ತದೆ. ಕಾಯಿ ಮಾತ್ರ ಸಿಹಿ. ಕುರಿ, ಮೇಕೆ, ದನ ಆಸೆಪಟ್ಟು ತಿಂದು ಬೀಜವನ್ನು ಸಗಣಿ, ಹಿಕ್ಕೆಯಲ್ಲಿ ಗೊಬ್ಬರ ಸಮೇತ ಬಿತ್ತುತ್ತವೆ.

ಕಡಿಯುವುದು ಅಗ್ಗ, ಆದರೆ ಅದು ಕೊಲ್ಲುವುದಲ್ಲ, ಚಿಗುರಿಸುವುದು. ಒಂದು ಕಾಂಡ ಕಡಿದರೆ ಮಳೆ ಬಿದ್ದ ಮೇಲೆ ಅದೇ ಬುಡದಿಂದ ಹತ್ತು ಟಿಸಿಲು. ನಿಮಗೆ ಸೌದೆಯೇ ಬೇಕಿದ್ದರೆ, ಕಡಿಯಿರಿ, ಅದು ಬೆಳೆಯ ಥರ ಮತ್ತೆ ಬರುತ್ತದೆ. ನೆಲ ಬೇಕಿದ್ದರೆ ಕಡಿಯುವುದು ಕೂಲಿ ದಂಡ.

ಜೆಸಿಬಿಯಿಂದ ಕೀಳಿಸುವುದಾದರೆ ಒಂದು ವಿಷಯ ಚಾಲಕನ ಪಕ್ಕ ನಿಂತು ನೋಡಿಕೊಳ್ಳಬೇಕು. ಚಿಗುರುವ ಕಣ್ಣುಗಳಿರುವುದು ನೆಲಮಟ್ಟದ ಕೆಳಗಿನ ಗಡ್ಡೆಯಂಥ ಬುಡದಲ್ಲಿ. ಬೇರನ್ನು ಒಂದು ಅಡಿಯಷ್ಟು ಕೆಳಗೆ ತುಂಡರಿಸಿ ಆ ಬುಡ ಪೂರ್ತಿ ಮೇಲೆ ಬಂದರೆ ಗಿಡ ಸತ್ತಂತೆ. ಅದಕ್ಕಿಂತ ಕೆಳಗಿನ ಬೇರು ಉಳಿದರೂ ಚಿಗುರುವುದಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವಾಗ ಚಾಲಕ ಬಕೆಟ್‌ನಿಂದ ತಳ್ಳಿ, ಕಾಂಡ ಮುರಿದು, ಮೇಲೆ ಮಣ್ಣೆಳೆದು ಹೊಲ ಸ್ವಚ್ಛವಾದ ಹಾಗೆ ತೋರಿಸುತ್ತಾನೆ. ಮುಂದಿನ ಆಷಾಢಕ್ಕೆ ಲೆಕ್ಕ ಗೊತ್ತಾಗುತ್ತದೆ. ಕಾಯಿ ಉದುರುವ ಮೊದಲೇ ಮಾಡಿಸಿ. ಕಿತ್ತ ಮೇಲೆ ಕನಿಷ್ಠ ಎರಡು ಮಳೆಗಾಲ, ಹುಟ್ಟುವ ಸಸಿಗಳನ್ನು ಗೇಣುದ್ದ ಇರುವಾಗಲೇ ಕೈಯಿಂದ ಕೀಳುತ್ತಿರಬೇಕು. ಕಿತ್ತ ಜಾಗವನ್ನು ಖಾಲಿ ಬಿಟ್ಟರೆ ಜಾಲಿ ಮತ್ತೆ ಬರುತ್ತದೆ. ಹುಲ್ಲು ಚೆಲ್ಲಿ, ಬದುವಿಗೆ ಹೊಂಗೆ, ಬೇವು, ಹುಣಸೆ ಹಾಕಿ.

ಕೆರೆ ಅಂಗಳದ ಜಾಲಿ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಪಂಚಾಯಿತಿ ಠರಾವು ಬೇಕು. ಸೌದೆಗೆ ಅದನ್ನೇ ನಂಬಿದ ಮನೆಗಳು ಊರಲ್ಲಿ ಎಷ್ಟಿವೆ ಅಂತ ಮೊದಲು ಎಣಿಸಿ, ಒಂದು ಮೂಲೆ ಅವರಿಗೆ ಬಿಟ್ಟು, ಉಳಿದದ್ದು ಕೀಳಿಸುವುದು ನ್ಯಾಯ ಅಂತ ನನ್ನ ಅಭಿಪ್ರಾಯ. ಈ ಮಾತಿಗೆ ನಮ್ಮೂರ ಸಭೆಯಲ್ಲಿ ನನ್ನನ್ನು "ಜಾಲಿ ವಕೀಲ" ಅಂದರು.

ಕಾಂಗ್ರೆಸ್ ಗಿಡ ಮತ್ತು ಕಾನೂನು

ಪಾರ್ಥೇನಿಯಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೂ ಬಿಡುವ ಮೊದಲು, ಮಳೆ ಬಂದು ನೆಲ ಮೆತ್ತಗಿರುವಾಗ, ಕೈಗವಸು ಹಾಕಿಕೊಂಡು ಬೇರು ಸಮೇತ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ. ಹೂ ಬಿಟ್ಟ ಮೇಲೆ ಗೊಬ್ಬರಕ್ಕೆ ಹಾಕಬೇಡಿ. ಚರ್ಮದ ತುರಿಕೆ, ಉಬ್ಬಸ ಇರುವವರು ಮುಟ್ಟಲೇಬೇಡಿ. ಉಪ್ಪು ನೀರು ಹೊಡೆಯುವುದು ರಸ್ತೆ ಬದಿಗೆ ಸರಿ, ಹೊಲಕ್ಕೆ ಹೊಡೆದರೆ ಮಣ್ಣು ಕೆಡುತ್ತದೆ. ಎಲೆಯನ್ನು ಜರಡಿ ಮಾಡುವ, ಬೆನ್ನ ಮೇಲೆ ಪಟ್ಟೆಯಿರುವ ಚಿಕ್ಕ ಜೀರುಂಡೆ ಕಂಡರೆ ಕೊಲ್ಲಬೇಡಿ: ಅದು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕನ್ ಜೀರುಂಡೆಯ ಸಂತಾನ. ಮಳೆಗಾಲದಲ್ಲಿ ಕೆಲಸ ಮಾಡುತ್ತದೆ, ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗುತ್ತದೆ.

ಈ ಗಿಡ ಹೇಳುವ ಕಥೆ ಸರಕಾರದ ಕೈ ಎಲ್ಲಿಯವರೆಗೆ ಅನ್ನುವುದರದ್ದು. ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಅಧಿನಿಯಮ, 1968 ಅಂತ ಒಂದು ಕಾನೂನಿದೆ. ಯಾವುದಾದರೂ ಕೀಟ, ರೋಗ, ಕಳೆಯನ್ನು ಪೀಡೆಯೆಂದು ಸಾರಿ, ಜಮೀನಿನವರೇ ಅದನ್ನು ನಾಶ ಮಾಡಬೇಕು ಅಂತ ಆಜ್ಞೆ ಮಾಡಲು ಅದರಲ್ಲಿ ಅವಕಾಶವಿದೆ. 1975ರಲ್ಲಿ ಪಾರ್ಥೇನಿಯಂ ಅನ್ನು ಹಾಗೆ ಸಾರಿದ್ದೂ ಆಯಿತು. ಅದೇ ಗಿಡ ಇವತ್ತು ಕಚೇರಿಗಳ ಕಾಂಪೌಂಡಿನಲ್ಲೇ ಹೂ ಬಿಡುತ್ತದೆ. ಊರೆಲ್ಲ ಹರಡಿದ ಮೇಲೆ ಕಾನೂನು ಕೆಲಸ ಮಾಡುವುದಿಲ್ಲ, ಯಾರಿಗೆ ಅಂತ ನೋಟಿಸು ಕೊಡುವುದು?

ಸರಕಾರಕ್ಕೆ ಬಲವಿರುವುದು ಎರಡು ಕಡೆ. ಒಂದು ಬಾಗಿಲಲ್ಲಿ: ಹೊರದೇಶದಿಂದ ಬರುವ ಬೀಜ, ಸಸಿಗಳ ತಪಾಸಣೆ ಕೇಂದ್ರ ಸರಕಾರದ 2003ರ ಕ್ವಾರಂಟೈನ್ ಆದೇಶದಡಿ ನಡೆಯುತ್ತದೆ. ಇನ್ನೊಂದು, ಪೀಡೆಯ ತವರಿನಿಂದಲೇ ಅದರ ಶತ್ರುವನ್ನು ಹುಡುಕಿ ತರುವುದರಲ್ಲಿ. ಪಪ್ಪಾಯಿಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡು ಪಪ್ಪಾಯಿ, ಹಿಪ್ಪುನೇರಳೆ ಎರಡನ್ನೂ ಹಾಳು ಮಾಡುತ್ತಿತ್ತು. 2010ರಲ್ಲಿ ಅಸೆರೋಫಾಗಸ್ ಪಪಾಯೆ ಅನ್ನುವ ಕಣಜವನ್ನು ಪೋರ್ಟೊ ರಿಕೊದಿಂದ ತರಿಸಿ, ಬೆಂಗಳೂರಿನಲ್ಲಿ ಬೆಳೆಸಿ ಬಿಟ್ಟ ಮೇಲೆ ತಿಗಣೆ ಬಹುಮಟ್ಟಿಗೆ ತಣ್ಣಗಾಯಿತು. ಇದು ಯಾವ ರೈತನೂ ಒಬ್ಬನೇ ಮಾಡಲಾಗದ ಕೆಲಸ, ಯಾವ ಅಂಗಡಿಯಲ್ಲೂ ಸಿಗದ ಔಷಧಿ.

ಜಿಲ್ಲೆಯಿಂದ ಜಿಲ್ಲೆಗೆ ಹೋಗುವ ಸಸಿಗೆ ಮಾತ್ರ ಬಾಗಿಲು ಕಾಯುವವರು ನಾವೇ. ಹೊಸದುರ್ಗ, ಹಿರಿಯೂರಿನ ದಾಳಿಂಬೆಯವರಿಗೆ ಇದು ಗೊತ್ತು: ದುಂಡಾಣು ಅಂಗಮಾರಿ ಹತ್ತಿದ ತಾಯಿಗಿಡದಿಂದ ಮಾಡಿದ ಗೂಟಿ ಸಸಿ (ಕೊಂಬೆಗೇ ಬೇರು ಬರಿಸಿ ಕತ್ತರಿಸಿದ್ದು) ರೋಗವನ್ನು ಬುಟ್ಟಿಯಲ್ಲಿ ಹೊತ್ತು ತರುತ್ತದೆ. ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್) ಸಸಿಗೆ ಬೆಲೆ ಹೆಚ್ಚು, ಆದರೆ ಹೊಸ ತೋಟಕ್ಕೆ ನಾನಾದರೆ ಅದನ್ನೇ ಆರಿಸುತ್ತೇನೆ. ಗೂಟಿಯೇ ಬೇಕೆಂದರೆ ತಾಯಿತೋಟವನ್ನು ಮಳೆಗಾಲದಲ್ಲಿ ಹೋಗಿ ಕಣ್ಣಾರೆ ನೋಡಿ. ಬೇಸಿಗೆಯಲ್ಲಿ ಎಲ್ಲ ತೋಟವೂ ಆರೋಗ್ಯವಾಗೇ ಕಾಣುತ್ತದೆ.

ಎಂದೂ ನೋಡದ ಹುಳ ಕಂಡರೆ

ಔಷಧಿ ಅಂಗಡಿಗೆ ಹೋಗುವ ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಅಲ್ಲಿ ಗೊತ್ತಾಗದಿದ್ದರೆ ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಚಿತ್ರದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರ. ಫೋನಿನಲ್ಲಾದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ. ಫೋಟೋ ತೆಗೆಯುವಾಗ ಹುಳದ ಪಕ್ಕ ಒಂದು ರೂಪಾಯಿ ನಾಣ್ಯ ಇಡಿ, ಅಳತೆ ತಿಳಿಯುತ್ತದೆ. ತಲೆಯದ್ದೊಂದು, ಬಾಲದ್ದೊಂದು, ತಿಂದ ಎಲೆಯದ್ದೊಂದು. ಮಾದರಿ ಒಯ್ಯುವುದಾದರೆ ಚಿಕ್ಕ ಬಾಟಲಿಗೆ ಸ್ಯಾನಿಟೈಸರ್ ಹಾಕಿ ಹುಳವನ್ನು ಅದರಲ್ಲಿ ಮುಳುಗಿಸಿ, ಮುಚ್ಚಳ ಬಿಗಿ ಮಾಡಿ. ಪಾಪ ಉಸಿರಾಡಲಿ ಅಂತ ಮುಚ್ಚಳಕ್ಕೆ ತೂತು ಹೊಡೆದು, ಜೀವಂತ ಹುಳವನ್ನು ಬಸ್ಸಿನಲ್ಲಿ ಇನ್ನೊಂದು ತಾಲ್ಲೂಕಿಗೆ ಒಯ್ಯಬೇಡಿ.